ಹುಲ್ಹುಲೆ: ರನ್‌ವೇಯಾಗಿ ಬೆಳೆದ ದ್ವೀಪ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಎದುರಾಗಿರುವ ಹುಲ್ಹುಲೆ ದ್ವೀಪದ ಇತಿಹಾಸವೆಂದರೆ, ಹವಳದ ದಿಬ್ಬಗಳ ಮೇಲೆ ಚದುರಿಹೋದ, ವಿಶಾಲವಾದ ನೆಲವೇ ಅಪರೂಪವಾದ ನಾಡೊಂದು ಹೊರಜಗತ್ತಿಗೆ ಬಾಗಿಲು ತೆರೆದ ಇತಿಹಾಸವೇ ಆಗಿದೆ. 1960ರಲ್ಲಿ ಇಲ್ಲಿ ಸಿದ್ಧವಾದ ಮೊದಲ ರನ್‌ವೇ, ಅಂದರೆ ವಿಮಾನಗಳು ಓಡಿ ಮೇಲೇರುವ ಮತ್ತು ಬಂದಿಳಿಯುವ ಹಾದಿ, ಉಕ್ಕಿನ ತಗಡುಗಳನ್ನು ಜೋಡಿಸಿ ಹಾಸಿದ್ದಾಗಿತ್ತು. ಆ ವರ್ಷದ ಅಕ್ಟೋಬರ್ 19ರಂದು ನ್ಯೂಜಿಲೆಂಡ್ ವಾಯುಪಡೆಯ ವಿಮಾನವೊಂದು ಅದರ ಮೇಲೆ ಮೊದಲ ಬಾರಿಗೆ ಇಳಿಯಿತು. ಆದರೆ ಕಡಲಿನ ಉಪ್ಪುಗಾಳಿಗೆ ತಗಡುಗಳು ತುಕ್ಕು ಹಿಡಿಯತೊಡಗಿದ್ದರಿಂದ ಹೊಸ ಹಾದಿ ಅನಿವಾರ್ಯವಾಗಿ, ದ್ವೀಪವಾಸಿಗಳ ಶ್ರಮದಾನವೂ ಸೇರಿ ರೂಪುಗೊಂಡ ಡಾಂಬರಿನ ರನ್‌ವೇ 1966ರ ಏಪ್ರಿಲ್ 12ರಂದು ಉದ್ಘಾಟನೆಗೊಂಡಿತು.

1972ರಲ್ಲಿ ಮಾಲ್ಡೀವ್ಸ್‌ನಲ್ಲಿ ಪ್ರವಾಸೋದ್ಯಮ ಆರಂಭವಾದ ಮೇಲೆ ಹುಲ್ಹುಲೆಯ ವಿಮಾನ ನಿಲ್ದಾಣದ ಸ್ವರೂಪವೇ ಬದಲಾಗಿ, 1981ರಲ್ಲಿ ಅದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೆನಿಸಿತು. 1988ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರವನ್ನು ಉರುಳಿಸುವ ಯತ್ನ ನಡೆದಾಗ, ನೆರವಿಗೆ ಆಗ್ರಾದಿಂದ ಹೊರಟ ಭಾರತೀಯ ವಾಯುಪಡೆಯ ವಿಮಾನಗಳು ರಾತ್ರಿಯ ಹೊತ್ತಿನಲ್ಲಿ ಇಳಿದದ್ದೂ ಇದೇ ಹಾದಿಯಲ್ಲಿ.

ಇಲ್ಲಿನ ಸಂಚಾರ ವ್ಯವಸ್ಥೆಯ ವೈಶಿಷ್ಟ್ಯವಿರುವುದು ಕಡಲವಿಮಾನಗಳಲ್ಲಿ: ಚಕ್ರಗಳ ಜಾಗದಲ್ಲಿ ದೋಣಿಯಾಕಾರದ ಎರಡು ತೇಲುಗಳಿರುವ ಈ ಪುಟ್ಟ ವಿಮಾನಗಳು, ಚಾಲಕರು ಕಣ್ಣಳತೆಯಲ್ಲಿಯೇ ಅಲೆ ಮತ್ತು ಗಾಳಿಯನ್ನು ಅಂದಾಜಿಸಬೇಕಾದುದರಿಂದ, ಹಗಲಿನಲ್ಲಿ ಮಾತ್ರ ಹಾರುತ್ತವೆ. 2018ರಲ್ಲಿ 3400 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂದರೂ, ದೂರದ ಹವಳದ್ವೀಪಗಳನ್ನು ಬೆಸೆಯುವ ಕೆಲಸವನ್ನು ಈ ಕಡಲವಿಮಾನಗಳು ಇಂದಿಗೂ ನಿಷ್ಠೆಯಿಂದ ನಡೆಸುತ್ತಿವೆ.