ಡ್ಯಾಟ್ಸನ್ 240 ಝೆಡ್: ಕಂಪನಿ ಕೈಬಿಟ್ಟ ಕಾರನ್ನು ಉಳಿಸಿದವರ ಕಥೆ

ಇವತ್ತಿನ ಮಾತು ಒಂದು ಹಳೇ ಜಪಾನೀ ಸ್ಪೋರ್ಟ್ಸ್ ಕಾರಿನ ಬಗ್ಗೆ. ಕಾರಿನ ಹುಚ್ಚು ಇಲ್ಲದವರೂ ಸ್ವಲ್ಪ ತಾಳ್ಮೆಯಿಂದ ಕೇಳಿ, ಯಾಕಂದ್ರೆ ಇದು ಬರೀ ಕಾರಿನ ಕಥೆ ಅಲ್ಲ.

"ಡ್ಯಾಟ್ಸನ್" ಅಂದ ಕೂಡಲೇ ಚೆನ್ನೈ, ಪುಣೆ, ಹೈದರಾಬಾದ್ ಕಡೆ ಇರೋ ನಮ್ಮವರಿಗೆ ನೆನಪಾಗೋದು ಡ್ಯಾಟ್ಸನ್ ಗೋ. 2013ರ ಜುಲೈನಲ್ಲಿ ದೆಹಲಿಯಲ್ಲಿ ಮೊದಲು ತೋರಿಸಿದ, ಚೆನ್ನೈ ಹತ್ತಿರದ ಒರಗಡಂನಲ್ಲಿ ತಯಾರಾಗುತ್ತಿದ್ದ ಸಣ್ಣ ಕಾರು. 2022ರಲ್ಲಿ ಆ ಹೆಸರೇ ಭಾರತದ ಮಾರುಕಟ್ಟೆಯಿಂದ ಹೋಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ಕೊಂಡ ಗೆಳೆಯರು ನನಗಿದ್ದಾರೆ. ಅವರ ಪಾಲಿಗೆ ಡ್ಯಾಟ್ಸನ್ ಅಂದರೆ ಕೈಗೆಟುಕಿದ ಮೊದಲ ಕಾರು, ಅಷ್ಟೇ.

ಅದೇ ಹೆಸರಿನ ಇನ್ನೊಂದು ಕಾರು, 1971ರ ಡ್ಯಾಟ್ಸನ್ 240 ಝೆಡ್, 2020ರ ಜನವರಿಯಲ್ಲಿ ಅಮೆರಿಕದ ಒಂದು ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರಿಗೆ ಮಾರಾಟವಾಯಿತು. ಹೊಸದಾಗಿ ಬಂದಾಗ ಅದರ ಬೆಲೆ 3,526 ಡಾಲರ್. ನಡುವಿನ 50 ವರ್ಷದಲ್ಲಿ ಏನಾಯಿತು?

ಆನ್‌ಸೈಟ್‌ಗೆ ಕಳಿಸಿ ಮರೆತ ಮನುಷ್ಯ

ಕಥೆ ಶುರುವಾಗೋದು ಯುಟಾಕಾ ಕಟಾಯಾಮಾ ಅವರಿಂದ. 1909ರಲ್ಲಿ ಹುಟ್ಟಿದವರು, 1935ರಲ್ಲಿ ನಿಸಾನ್ ಸೇರಿದವರು. 1958ರಲ್ಲಿ ಆಸ್ಟ್ರೇಲಿಯಾ ಸುತ್ತುವ ರ್‍ಯಾಲಿಗೆ ಎರಡು ಪುಟ್ಟ ಡ್ಯಾಟ್ಸನ್ ಕಾರುಗಳ ತಂಡ ಕಟ್ಟಿಕೊಂಡು ಹೋಗಿ, ತಮ್ಮ ವರ್ಗದಲ್ಲಿ ಗೆದ್ದು ಬಂದರು. ಆದರೆ ಕಂಪನಿಯೊಳಗಿನ ರಾಜಕೀಯದಲ್ಲಿ ಅವರು ಮೂಲೆಗೆ ಬಿದ್ದಿದ್ದರು. 1960ರಲ್ಲಿ ಅವರನ್ನು ಅಮೆರಿಕಕ್ಕೆ ಕಳಿಸಿದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಆನ್‌ಸೈಟ್‌ಗೆ ಹಾಕಿ ಮರೆತುಬಿಟ್ಟ ಹಾಗೆ.

ಅಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಡೀಲರುಗಳ ಜಾಲ ಕಟ್ಟಿದರು, ಅಮೆರಿಕದವರಿಗೆ ಎಂಥ ಕಾರು ಬೇಕು ಅಂತ ಟೋಕಿಯೋಗೆ ಪಟ್ಟು ಬಿಡದೆ ಹೇಳುತ್ತಾ ಹೋದರು. ಅತ್ತ ಜಪಾನಿನಲ್ಲಿ ಯೋಶಿಹಿಕೋ ಮಾತ್ಸುವೋ ಅವರ ವಿನ್ಯಾಸ ತಂಡ ಉದ್ದ ಮೂತಿಯ, ಗಿಡ್ಡ ಬಾಲದ ಒಂದು ಕಾರನ್ನು ರೂಪಿಸುತ್ತಿತ್ತು. 1969ರ ಅಕ್ಟೋಬರ್‌ನಲ್ಲಿ ಅದು ಹೊರಬಂತು. ಜಪಾನಿನಲ್ಲಿ ಹೆಸರು ಫೇರ್‌ಲೇಡಿ ಝೆಡ್. ಸ್ಪೋರ್ಟ್ಸ್ ಕಾರಿಗೆ ಈ ಹೆಸರು ಅಮೆರಿಕದಲ್ಲಿ ನಡೆಯಲ್ಲ ಅಂತ ಕಟಾಯಾಮಾ ಹಟ ಹಿಡಿದರು. ಅಲ್ಲಿಗೆ ಬಂದ ಮೊದಲ ಕಾರುಗಳ ಹೆಸರಿನ ಬಿಲ್ಲೆಯನ್ನು ಅವರೇ ಕಿತ್ತು ಬೇರೆ ಹಾಕಿಸಿದರು ಅನ್ನೋ ಕಥೆ ಝೆಡ್ ಪ್ರಿಯರ ಬಾಯಲ್ಲಿ ಇವತ್ತಿಗೂ ಇದೆ. ಕೊನೆಗೆ ಉಳಿದದ್ದು ಬರೀ 240 ಝೆಡ್.

ಕಾರಿನೊಳಗೆ ಏನಿತ್ತು? 2,393 ಸಿಸಿಯ, ಆರು ಸಿಲಿಂಡರ್ ಸಾಲಾಗಿ ನಿಂತ ಎಂಜಿನ್. ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್. ಮುಂದೆ ಡಿಸ್ಕ್ ಬ್ರೇಕ್. ತೂಕ ಸುಮಾರು 1,050 ಕಿಲೋ. ಆಗಿನ ಜಾಗ್ವಾರ್, ಪೋರ್ಶೆಗಳ ಪಕ್ಕ ನಿಲ್ಲಬಲ್ಲ ಕಾರು, ಅವುಗಳಿಗಿಂತ ಬಹಳ ಕಡಿಮೆ ಬೆಲೆಗೆ. ಇದರಲ್ಲಿ ಬುದ್ಧಿವಂತಿಕೆ ಎಷ್ಟಿತ್ತೋ ಹಣದ ಲೆಕ್ಕವೂ ಅಷ್ಟೇ ಇತ್ತು. 1949ರಿಂದ ಒಂದು ಡಾಲರಿಗೆ 360 ಯೆನ್ ಅಂತ ದರ ಕಟ್ಟಿಹಾಕಿದ್ದರು. 1971ರಲ್ಲಿ ಆ ಕಟ್ಟು ಬಿಚ್ಚಿತು. 1978ರ ಹೊತ್ತಿಗೆ ಡಾಲರಿಗೆ 200 ಯೆನ್ ಆಸುಪಾಸು. ಅಗ್ಗದ ಝೆಡ್ ಸಾಧ್ಯವಾದ ಕಿಟಕಿ ಬಹಳ ಸಣ್ಣದು.

ಇಲ್ಲಿ ಒಂದು ಹೆಸರು ನಮಗೆ ಹತ್ತಿರದ್ದು. ಪೂರ್ವ ಆಫ್ರಿಕಾದ ಸಫಾರಿ ರ್‍ಯಾಲಿಯನ್ನು 240 ಝೆಡ್ ಎರಡು ಸಲ ಗೆದ್ದಿತು, 1971 ಮತ್ತು 1973ರಲ್ಲಿ. ಎರಡನೇ ಸಲ ಸ್ಟಿಯರಿಂಗ್ ಹಿಡಿದವರು ಶೇಖರ್ ಮೆಹ್ತಾ, ಕಂಪಾಲಾದಲ್ಲಿ ಹುಟ್ಟಿದ ಭಾರತೀಯ ಮೂಲದವರು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾ ಮೂಲದವರನ್ನು ಹೊರಗಟ್ಟಿದಾಗ ಅವರ ಕುಟುಂಬವೂ ಊರು ಬಿಡಬೇಕಾಯಿತು. ಮರುವರ್ಷವೇ ಈ ಗೆಲುವು. ಅದೂ ಇನ್ನೊಂದು ಡ್ಯಾಟ್ಸನ್ ಜೊತೆ ಅಂಕ ಸಮವಾಗಿ, ದಂಡವಿಲ್ಲದೆ ಹೆಚ್ಚು ದೂರ ಸಾಗಿದವರು ಯಾರು ಅಂತ ನೋಡಿ ತೀರ್ಮಾನವಾದ ಗೆಲುವು. ಮುಂದೆ ಅವರು ಒಟ್ಟು ಐದು ಸಲ ಸಫಾರಿ ಗೆದ್ದರು.

ತುಕ್ಕಿನ ಶತ್ರುತ್ವ

ಇಂಥ ಕಾರು ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು, 260 ಮತ್ತು 280 ಝೆಡ್ ಎಲ್ಲಾ ಸೇರಿಸಿ. ಹಾಗಿದ್ದರೆ ಇವತ್ತು ಯಾಕೆ ಅಪರೂಪ? ಒಂದೇ ಉತ್ತರ: ತುಕ್ಕು.

ಈ ಕಾರಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ತಗಡು ತೆಳು, ಆಗಿನ ತುಕ್ಕು ತಡೆ ಲೇಪನವೂ ಅಷ್ಟಕ್ಕಷ್ಟೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಇವು ಕರಗಿಹೋದವು. ತುಕ್ಕು ಎಲ್ಲಿ ಶುರುವಾಗುತ್ತೆ ಅನ್ನೋದು ರಿಪೇರಿ ಮಾಡೋರಿಗೆ ಬಾಯಿಪಾಠ. ಬ್ಯಾಟರಿ ಕೂರುವ ತಟ್ಟೆ: ಅಲ್ಲಿಂದ ಸೋರಿದ ಆಮ್ಲ ಕೆಳಗಿನ ಉದ್ದ ಪಟ್ಟಿಯನ್ನೇ ತಿನ್ನುತ್ತೆ. ವೈಪರ್ ಕೆಳಗಿನ ಸಂದು: ಎಲೆ, ಕಸ ಕೂತು ನೀರು ಹಿಡಿದಿಡುತ್ತೆ. ಬಾಗಿಲ ಹಿಂದೆ, ಹಿಂಚಕ್ರದ ಮುಂದಿನ ಮೂಲೆ. ಸ್ಟೆಪ್ನಿ ಇಡುವ ಗುಂಡಿ. ಮತ್ತೆ ಕಾಲಡಿಯ ತಗಡು: ಸದ್ದು ಕಡಿಮೆ ಮಾಡಲು ಅದರ ಮೇಲೆ ಟಾರಿನ ಹಾಳೆ ಅಂಟಿಸಿರ್ತಾರೆ, ಅದರಡಿ ತೇವ ಸೇರಿದರೆ ಮೇಲಿಂದ ಏನೂ ಕಾಣಲ್ಲ. ಆ ಹಾಳೆ ತೆಗೆಯೋಕೆ ಒಂದು ಚಂದದ ಉಪಾಯ ಇದೆ. ಮೇಲೆ ಡ್ರೈ ಐಸ್ ಇಟ್ಟರೆ ಟಾರ್ ಗಾಜಿನ ಹಾಗೆ ಬಿರುಸಾಗುತ್ತೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಚೂರು ಚೂರಾಗಿ ಏಳುತ್ತೆ.

ನಮ್ಮ ಕಡೆ ಟಿಂಕರಿಂಗ್ ಅಂಗಡಿ ನೋಡಿದವರಿಗೆ ಗೊತ್ತು, ತೂತಿನ ಮೇಲೆ ಪಟ್ಟಿ ಮೆತ್ತಿ ಬಣ್ಣ ಹೊಡೆದರೆ ಆರು ತಿಂಗಳು ಚೆನ್ನಾಗೇ ಕಾಣುತ್ತೆ. ಬಾಡಿಯೇ ಭಾರ ಹೊರುವ ಕಾರಿನಲ್ಲಿ ಅದು ಅಪಾಯ. ಹಾಳಾದ ತಗಡನ್ನು ಗಟ್ಟಿ ಲೋಹ ಸಿಗುವ ತನಕ ಕತ್ತರಿಸಬೇಕು. ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಸಲಾಕೆ ಬೆಸೆಯಬೇಕು, ಇಲ್ಲಾಂದ್ರೆ ಇಡೀ ಕಾರು ತಿರುಚಿಕೊಂಡು ಬಾಗಿಲೇ ಹಾಕೋಕಾಗಲ್ಲ. ಆಮೇಲೆ ಹೊಸ ತಗಡು, ವೆಲ್ಡಿಂಗ್, ಕೊನೆಗೆ ಟೊಳ್ಳು ಭಾಗಗಳೊಳಗೆ ಮೇಣದ ದ್ರವ.

ಎಂಜಿನ್ ಇದಕ್ಕೆ ಹೋಲಿಸಿದರೆ ಸಾಧು ಪ್ರಾಣಿ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬರೀ ನೀರು ಹಾಕಿ ಓಡಿಸಿದರೆ ಹೆಡ್ ಒಳಗಿಂದ ಸವೆಯುತ್ತೆ, ಸರಿಯಾದ ಕೂಲಂಟ್ ಬೇಕೇ ಬೇಕು. ವಾಲ್ವ್ ಸಂದು ತಣ್ಣಗಿದ್ದಾಗ ಒಳಬರುವ ಕಡೆ 0.20 ಮಿ.ಮೀ., ಹೊರಹೋಗುವ ಕಡೆ 0.25 ಮಿ.ಮೀ. ಫೀಲರ್ ಗೇಜ್ ಹಿಡಿದು ಭಾನುವಾರ ಬೆಳಿಗ್ಗೆ ಮನೇಲೇ ಮಾಡಬಹುದಾದ ಕೆಲಸ. ಎರಡು ಕಾರ್ಬೊರೇಟರ್ ಒಂದೇ ಸಮ ಗಾಳಿ ಎಳೀಬೇಕು, ಅದಕ್ಕೊಂದು ಮಾಪಕ ಇದೆ. 1973ರ ಮಾದರಿಗೆ ಹೊಗೆ ನಿಯಮಕ್ಕಾಗಿ ಬೇರೆ ಕಾರ್ಬೊರೇಟರ್ ಹಾಕಿದರು. ಬಿಸಿಯಾದಾಗ ಅದರೊಳಗೆ ಪೆಟ್ರೋಲ್ ಆವಿಯಾಗಿ ಕಾರು ತಡವರಿಸುತ್ತಿತ್ತು. ಹಾಗಾಗಿ ಬಹಳ ಜನ ಹಳೇ ದುಂಡು ತಲೆಯದನ್ನೇ ಹುಡುಕಿ ಹಾಕಿಕೊಂಡರು.

ಇನ್ನೊಂದು ಕೆಡುಕು ವೈರಿಂಗ್. ಹೆಡ್‌ಲೈಟಿನ ಇಡೀ ಕರೆಂಟು ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಹರಿಯುತ್ತೆ, ನಡುವೆ ರಿಲೇ ಇಲ್ಲ. ವಯಸ್ಸಾದಂತೆ ಸ್ವಿಚ್ಚು ಬಿಸಿಯಾಗಿ ಕರಗುತ್ತೆ. ಎರಡು ರಿಲೇ ಸೇರಿಸಿದರೆ ಸಮಸ್ಯೆ ಮುಗೀತು. ಪೆಟ್ರೋಲಿನ ಹಳೇ ರಬ್ಬರ್ ಹೋಸುಗಳನ್ನೂ ಬದಲಿಸಬೇಕು, ಎಥನಾಲ್ ಬೆರೆತ ಪೆಟ್ರೋಲಿಗೆ ಅವು ತಡೆಯಲ್ಲ. ಇ20 ಬಂದ ಮೇಲೆ ನಮ್ಮಲ್ಲೂ ಹಳೇ ಗಾಡಿ ಇಟ್ಟುಕೊಂಡವರಿಗೆ ಈ ಚಿಂತೆ ಹೊಸದಲ್ಲ.

ಕಂಪನಿ ಮತ್ತೆ ನೆನಪಿಸಿಕೊಂಡಾಗ

1977ರಲ್ಲಿ ಕಟಾಯಾಮಾ ನಿವೃತ್ತರಾದರು. 1981ರಲ್ಲಿ ನಿಸಾನ್ ಡ್ಯಾಟ್ಸನ್ ಅನ್ನೋ ಹೆಸರನ್ನೇ ಕೈಬಿಡುವುದಾಗಿ ಹೇಳಿತು. ಝೆಡ್ ಸರಣಿ ಹೊಸ ಮಾದರಿಗಳಲ್ಲಿ ಮುಂದುವರಿದರೂ 1996ಕ್ಕೆ ಅಮೆರಿಕದಲ್ಲಿ ಅದರ ಮಾರಾಟ ನಿಂತಿತು. ನಿಸಾನ್ ಆಗ ಸಾಲದಲ್ಲಿ ಮುಳುಗುತ್ತಿತ್ತು.

ಆ ಖಾಲಿ ಸಮಯದಲ್ಲಿ ನಿಸಾನ್‌ನ ಅಮೆರಿಕ ಶಾಖೆ ಒಂದು ವಿಚಿತ್ರ ಕೆಲಸಕ್ಕೆ ಕೈ ಹಾಕಿತು. ಹಳೇ 240 ಝೆಡ್ ಕಾರುಗಳನ್ನು ಕೊಂಡು, ಪರಿಣತ ಗ್ಯಾರೇಜುಗಳಿಂದ ಪೂರ್ತಿ ಪುನಃ ಕಟ್ಟಿಸಿ, ತನ್ನದೇ ಡೀಲರುಗಳ ಮೂಲಕ ಸುಮಾರು 25,000 ಡಾಲರಿಗೆ ಮಾರಿತು. ಹೊಸ ಕಾರು ಕೊಡೋಕಾಗದ ಕಂಪನಿ ಹಳೇ ಕಾರನ್ನೇ ಹೊಸದು ಮಾಡಿ ಕೊಟ್ಟಿತು. 40ಕ್ಕೂ ಕಡಿಮೆ ಕಾರುಗಳ ನಂತರ ಯೋಜನೆ ಮುಗಿಯಿತು. ತುಕ್ಕಿನ ಲೆಕ್ಕ ಗೊತ್ತಿರೋರಿಗೆ ಇದು ಆಶ್ಚರ್ಯ ಅಲ್ಲ. ಬಣ್ಣ ಕೆರೆಯುವ ತನಕ ಎಷ್ಟು ಕೆಲಸ ಇದೆ ಅನ್ನೋದು ಯಾರಿಗೂ ಕಾಣಲ್ಲ. ನಮ್ಮ ಫಿಕ್ಸೆಡ್ ಬಿಡ್ ಪ್ರಾಜೆಕ್ಟಿನ ಹಾಗೆ. ಆದರೆ ಆ ಕೆಲವೇ ಕಾರುಗಳು ಹೆಸರನ್ನು ಜೀವಂತ ಇಟ್ಟವು. 2002ರಲ್ಲಿ 350 ಝೆಡ್ ಬಂತು.

ಜಪಾನಿನ ಕಡೆಯ ಕಥೆ ಇನ್ನೂ ಇಷ್ಟವಾಗುತ್ತೆ. ಅತ್ಸುಗಿಯಲ್ಲಿರುವ ನಿಸಾನ್ ತಾಂತ್ರಿಕ ಕೇಂದ್ರದ ಉದ್ಯೋಗಿಗಳು 2006ರಲ್ಲಿ ಒಂದು ಸಂಘ ಮಾಡಿಕೊಂಡರು. ಕೆಲಸದ ಹೊತ್ತು ಮುಗಿದ ಮೇಲೆ ಹಳೇ ಕಾರುಗಳನ್ನು ಬಿಚ್ಚಿ, ಅಂದಿನ ಸ್ಥಿತಿಗೆ ತಂದು, ಓಡುವಂತೆ ಮಾಡೋದು ಅವರ ಉದ್ದೇಶ. 2013ರಲ್ಲಿ ಅವರು ಕೈಗೆತ್ತಿಕೊಂಡದ್ದು 1971ರ ಸಫಾರಿ ಗೆದ್ದ ಅದೇ 240 ಝೆಡ್. ಹೊಸ ಕಾರು ವಿನ್ಯಾಸ ಮಾಡೋ ಎಂಜಿನಿಯರುಗಳು ಹಿರಿಯರು ಯಾಕೆ ಹೀಗೆ ಮಾಡಿದರು ಅಂತ ಕೈಯಿಂದಲೇ ಓದಿಕೊಂಡರು. 2015ರಲ್ಲಿ ಕಟಾಯಾಮಾ ತೀರಿಕೊಂಡಾಗ ಅವರಿಗೆ 105 ವರ್ಷ.

ಆಮೇಲೆ ಬೇರೆ ಕಂಪನಿಗಳೂ ಎಚ್ಚೆತ್ತವು. ಮಜ್ದಾ 2017ರಲ್ಲಿ ಮೊದಲ ಪೀಳಿಗೆಯ ಎಂಎಕ್ಸ್-5ಗೆ ಪುನರುದ್ಧಾರ ಸೇವೆ ಪ್ರಕಟಿಸಿತು. ಟೊಯೋಟಾ 2020ರಿಂದ ಹಳೇ ಸುಪ್ರಾ, 2000ಜಿಟಿಗಳಿಗೆ ಬಿಡಿಭಾಗ ಮತ್ತೆ ತಯಾರಿಸುತ್ತಿದೆ. ಅದೇ ಜಪಾನಿನಲ್ಲಿ 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ತೆರಿಗೆ ಹೆಚ್ಚು ಅನ್ನೋದೂ ನಿಜ.

ಮುಂದಿನ 50 ವರ್ಷ

ಈ ಕಥೆಯಲ್ಲಿ ನನ್ನನ್ನು ಕಾಡೋ ಪ್ರಶ್ನೆ ಬೇರೆ. ಕಂಪನಿ ಮರೆತಿದ್ದ ವರ್ಷಗಳಲ್ಲಿ ಈ ಕಾರನ್ನು ಉಳಿಸಿದವರು ಸಾಮಾನ್ಯ ಮಾಲೀಕರು. ಅವರಿಗೆ ಅದು ಸಾಧ್ಯವಾದದ್ದು ಕಾರನ್ನು ಬಿಚ್ಚಿ ನೋಡಿದರೆ ಅರ್ಥವಾಗುತ್ತಿದ್ದರಿಂದ. 1975ರ 280 ಝೆಡ್‌ಗೆ ಎಲೆಕ್ಟ್ರಾನಿಕ್ ಫ್ಯೂಯೆಲ್ ಇಂಜೆಕ್ಷನ್ ಬಂತು. ಆದರೂ ಅದರ ಕಂಟ್ರೋಲ್ ಪೆಟ್ಟಿಗೆ ಅನಲಾಗ್. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಇದ್ದರೆ ಇವತ್ತಿಗೂ ಸರಿ ಮಾಡಬಹುದು.

ಎಂಟೆಕ್‌ನಲ್ಲಿ ನಾನು ಓದಿದ್ದು ಎಂಬೆಡೆಡ್ ಸಿಸ್ಟಮ್ಸ್. ಹಾಗಾಗಿ ಇವತ್ತಿನ ಕಾರುಗಳ ಬಗ್ಗೆ ಸ್ವಲ್ಪ ಅಳುಕು ಇದೆ. ಹತ್ತಾರು ಕಂಟ್ರೋಲರ್, ಒಂದಕ್ಕೊಂದು ಜೋಡಿಸಿದ ಕೀಲಿಗಳು, ಸಹಿ ಇಲ್ಲದ ಫರ್ಮ್‌ವೇರ್ ಒಪ್ಪದ ಚಿಪ್ಪುಗಳು. ಕಳ್ಳತನ ತಡೆಯೋಕೆ, ಸುರಕ್ಷತೆಗೆ ಇವೆಲ್ಲ ಬೇಕು, ಅದನ್ನು ಅಲ್ಲಗಳೆಯಲ್ಲ. ಆದರೆ ತುಕ್ಕು ಹಿಡಿದ ತಗಡನ್ನು ಯಾವ ಊರಿನ ವೆಲ್ಡರ್ ಬೇಕಾದರೂ ಬೆಸೆಯಬಹುದು. ಸರ್ವರ್ ಮುಚ್ಚಿಹೋದ ಕಂಪನಿಯ ಕೀಲಿಯನ್ನು ಯಾರು ಕೊಡ್ತಾರೆ?

ನಮ್ಮ ದೇಶದಲ್ಲಿ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನ ವಿಂಟೇಜ್ ಅಂತ ನೋಂದಣಿ ಆಗಬಹುದು. ದೆಹಲಿಯಲ್ಲಿರೋರಿಗೆ 15 ವರ್ಷದ ಪೆಟ್ರೋಲ್ ಕಾರಿನ ಪಾಡು ಗೊತ್ತೇ ಇದೆ. 15ರಿಂದ 50ರ ನಡುವಿನ 35 ವರ್ಷ ಒಂದು ಕಾರು ಬದುಕೋದು ಹೇಗೆ ಅನ್ನೋದನ್ನು ಕಾನೂನು ಹೇಳಲ್ಲ. 240 ಝೆಡ್ ವಿಷಯದಲ್ಲಿ ಆ ವರ್ಷಗಳನ್ನು ತುಂಬಿದ್ದು ಸರ್ವಿಸ್ ಮ್ಯಾನುಯಲ್, ಸ್ಪ್ಯಾನರ್, ಮತ್ತು ಗೊತ್ತಿದ್ದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟ ಜನ. ನಾವು ಬರೆಯೋ ಕೋಡು, ಅದರ ಡಾಕ್ಯುಮೆಂಟೇಶನ್ನು, ಅದನ್ನು ಬಿಚ್ಚಿ ನೋಡುವ ಹಕ್ಕು: ಮುಂದಿನವರಿಗೆ ಆ ಸ್ಪ್ಯಾನರ್ ಇವೇ. ಬರೆಯುವಾಗ ಸ್ವಲ್ಪ ಇದನ್ನು ನೆನಪಲ್ಲಿ ಇಟ್ಟುಕೊಳ್ಳೋಣ.