ಅಡ್ರಿನಲ್ ಗ್ರಂಥಿ ಛೇದನ

ಕಾರ್ಟಿಸಾಲ್ ಹಾರ್ಮೋನು ದೇಹದಲ್ಲಿ ಅತಿಯಾಗಿ ಬರುವ ಕುಶಿಂಗ್ ಸಿಂಡ್ರೋಮ್‌ನಲ್ಲಿ ಒಂದು ಅಥವಾ ಎರಡೂ ಅಡ್ರಿನಲ್ ಗ್ರಂಥಿಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ. ವೈದ್ಯರು ಇದನ್ನು ಅಡ್ರಿನಲೆಕ್ಟಮಿ ಎನ್ನುತ್ತಾರೆ.

ಗ್ರಂಥಿ ಮತ್ತು ಕಾಯಿಲೆ

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿಯಿದೆ. ಒಂದರ ತೂಕ ಸುಮಾರು 4–5 ಗ್ರಾಂ. ರಕ್ತದೊತ್ತಡ, ಸಕ್ಕರೆ, ಕಾಯಿಲೆಯನ್ನು ತಾಳುವ ಶಕ್ತಿ ಇವಕ್ಕೆಲ್ಲ ಇದರ ಕಾರ್ಟಿಸಾಲ್ ಬೇಕು. ಅದು ಮಿತಿ ಮೀರಿದರೆ ಮುಖ ದುಂಡಗೆ ಊದುತ್ತದೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳು ಮೂಡುತ್ತವೆ, ಕೈಕಾಲು ಸಣಕಲಾಗುತ್ತವೆ. ತೊಡೆಯ ಸ್ನಾಯು ಸೋಲುವುದು ಮುಖ್ಯ ಗುರುತು: ಹಿಪ್ಪುನೇರಳೆ ತೋಟದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರು ನೆಲಕ್ಕೆ ಕೈಯೂರದೆ ಏಳಲಾರರು. ಬರೀ ಬಿಪಿ, ಶುಗರ್ ಎಂದೇ ಎಷ್ಟೋ ವರ್ಷ ಮಾತ್ರೆ ನುಂಗಿದವರೂ ಇರುತ್ತಾರೆ.

ಯಾರಿಗೆ ಶಸ್ತ್ರಚಿಕಿತ್ಸೆ

ಈ ಲಕ್ಷಣಗಳಿಗೆ ಅತಿ ಸಾಮಾನ್ಯ ಕಾರಣ ಹೊರಗಿನಿಂದ ಸೇವಿಸಿದ ಸ್ಟೀರಾಯ್ಡ್. ಮಂಡಿನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪುಡಿ, ಮಾತ್ರೆ ತೆಗೆದುಕೊಂಡವರಲ್ಲೂ ಇದು ಕಾಣಬಹುದು. ಇವರಿಗೆ ಶಸ್ತ್ರಚಿಕಿತ್ಸೆ ಬೇಡ. ಆದರೆ ಔಷಧಿಯನ್ನು ಒಮ್ಮೆಲೆ ನಿಲ್ಲಿಸದೆ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ದೇಹದೊಳಗಿನ ಕಾರಣಗಳಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗಂಟೇ ಹೆಚ್ಚು. ಅಲ್ಲಿ ಮೊದಲು ಮೂಗಿನ ಮೂಲಕ ಆ ಗಂಟನ್ನು ತೆಗೆಯುತ್ತಾರೆ. ಅಡ್ರಿನಲ್‌ನಲ್ಲೇ ಗಂಟಿದ್ದರೆ ಆ ಬದಿಯ ಗ್ರಂಥಿಯನ್ನು ತೆಗೆಯುತ್ತಾರೆ. ಬೇರೆ ಚಿಕಿತ್ಸೆಗಳು ಸೋತು ಕಾಯಿಲೆ ಉಲ್ಬಣಿಸಿದಾಗ ಎರಡನ್ನೂ ತೆಗೆಯುವುದುಂಟು. ರಾತ್ರಿ 1 ಮಿ.ಗ್ರಾಂ ಡೆಕ್ಸಾಮೆಥಾಸೋನ್ ನುಂಗಿಸಿ ಬೆಳಗ್ಗೆ ಮಾಡುವ ರಕ್ತಪರೀಕ್ಷೆ, 24 ಗಂಟೆಗಳ ಮೂತ್ರಪರೀಕ್ಷೆ, ನಡುರಾತ್ರಿಯ ಜೊಲ್ಲಿನ ಪರೀಕ್ಷೆಗಳಿಂದ ಕಾಯಿಲೆ ಖಚಿತವಾಗುತ್ತದೆ.

ಇತಿಹಾಸ

ಅಡ್ರಿನಲ್ ಕೆಟ್ಟರೆ ಜೀವಕ್ಕೇ ಕುತ್ತೆಂದು ಥಾಮಸ್ ಅಡಿಸನ್ 1855ರಲ್ಲಿ ತೋರಿಸಿದರು. ಕಾರ್ಟಿಸಾಲ್ ಹೆಚ್ಚಳದ ಕಾಯಿಲೆಯನ್ನು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1912ರಲ್ಲಿ ವರ್ಣಿಸಿ, 1932ರಲ್ಲಿ ಪಿಟ್ಯುಟರಿ ಗಂಟಿಗೆ ನಂಟು ಕಟ್ಟಿದರು. 1948ರಲ್ಲಿ ಕಾರ್ಟಿಸೋನ್ ಔಷಧಿಯ ಬಳಕೆ ಶುರುವಾಯಿತು. ಎರಡೂ ಗ್ರಂಥಿ ತೆಗೆಸಿಕೊಂಡವರು ಬದುಕಿ ಉಳಿಯುವುದು ಸಾಧ್ಯವಾದದ್ದು ಆ ಮೇಲೆಯೇ. 1992ರಲ್ಲಿ ಮಿಶೆಲ್ ಗ್ಯಾಗ್ನೆ ಲ್ಯಾಪರೋಸ್ಕೋಪಿ ವಿಧಾನವನ್ನು ಪ್ರಕಟಿಸಿದರು.

ವಿಧಾನ

ಪೂರ್ಣ ಅರಿವಳಿಕೆ ಕೊಟ್ಟು, ಮೂರ್ನಾಲ್ಕು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ತೂರಿಸುತ್ತಾರೆ. ಎಡಕ್ಕಿಂತ ಬಲಗಡೆ ಕೆಲಸ ನಾಜೂಕು: ಅಲ್ಲಿ ಗ್ರಂಥಿಯ ಸಿರೆ ತೀರಾ ಗಿಡ್ಡ, ನೇರವಾಗಿ ದೇಹದ ಮಹಾಸಿರೆಗೇ ಸೇರುತ್ತದೆ, ಅದು ಹರಿದರೆ ರಕ್ತಸ್ರಾವ ತಡೆಯುವುದು ಕಷ್ಟ. ಗಂಟು ತುಂಬ ದೊಡ್ಡದಿದ್ದರೆ, ಕ್ಯಾನ್ಸರ್ ಇದ್ದರೆ ಹೊಟ್ಟೆ ತೆರೆದೇ ಮಾಡುತ್ತಾರೆ.

ಆನಂತರದ ಬದುಕು

ಒಂದು ಗ್ರಂಥಿ ತೆಗೆದಾಗ ಉಳಿದದ್ದು ಕೆಲಸವಿಲ್ಲದೆ ಮಲಗಿರುತ್ತದೆ. ಎಚ್ಚರಗೊಳ್ಳಲು ತಿಂಗಳುಗಳೇ ಬೇಕು, ಕೆಲವೊಮ್ಮೆ ವರ್ಷ ದಾಟುತ್ತದೆ. ಅಲ್ಲಿವರೆಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ಬೇಕು. ಎರಡೂ ತೆಗೆದವರಿಗೆ ಅದು, ಜೊತೆಗೆ ಉಪ್ಪಿನಂಶ ಕಾಯುವ ಫ್ಲೂಡ್ರೋಕಾರ್ಟಿಸೋನ್, ಜೀವನಪರ್ಯಂತ. ಪಿಟ್ಯುಟರಿ ಗಂಟು ಉಳಿದಿದ್ದರೆ ಅದು ಬೆಳೆದು ಚರ್ಮ ಕಪ್ಪಾಗುವ ನೆಲ್ಸನ್ ಸಿಂಡ್ರೋಮ್ ಬರಬಹುದು.

ಚಿಕ್ಕಬಳ್ಳಾಪುರ ಭಾಗದಲ್ಲಿ

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ 2023ರಲ್ಲಿ ಇನ್ನೊಂದು ಕಾಲೇಜು ಉದ್ಘಾಟನೆಯಾಯಿತು. ಹಾರ್ಮೋನು ತಜ್ಞರು, ಪಳಗಿದ ಶಸ್ತ್ರವೈದ್ಯರು ಒಂದೇ ಕಡೆ ಸಿಗುವ ದೊಡ್ಡ ಆಸ್ಪತ್ರೆಗಳು ಹತ್ತಿರದ ಬೆಂಗಳೂರಿನಲ್ಲಿವೆ. ಆದರೆ ಶಸ್ತ್ರಚಿಕಿತ್ಸೆ ಮುಗಿಸಿ ಗೌರಿಬಿದನೂರಿಗೋ ಚಿಂತಾಮಣಿಗೋ ಶಿಡ್ಲಘಟ್ಟದ ಹಳ್ಳಿಗೋ ಮರಳಿದ ಮೇಲೆ ರೋಗಿಯ ಜೀವ ಮನೆಯವರ ಕೈಯಲ್ಲಿರುತ್ತದೆ. ಮಾತ್ರೆ ತಪ್ಪಬಾರದು. ಜ್ವರ ಬಂದರೆ ವೈದ್ಯರು ಮೊದಲೇ ತಿಳಿಸಿದಂತೆ ಪ್ರಮಾಣ ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಬೆಂಗಳೂರಿನ ದಾರಿ ಹಿಡಿಯದೆ ಹತ್ತಿರದ ಆಸ್ಪತ್ರೆಗೇ ಓಡಬೇಕು. ಅಲ್ಲಿ ಕೊಡುವ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಸಲೈನ್ ಜೀವ ಉಳಿಸುತ್ತವೆ. ಅಡ್ರಿನಲ್ ತೆಗೆದಿದೆಯೆಂದು ಕನ್ನಡದಲ್ಲಿ ಬರೆದ ಚೀಟಿಯೊಂದು ರೋಗಿಯ ಜೇಬಿನಲ್ಲಿ ಸದಾ ಇರಬೇಕು.