ಪುಣೆಯ ಪರಮ್ ಯಂತ್ರಗಳು ಮತ್ತು ವಿಳಾಸದ ಪ್ರಶ್ನೆ

ನಮ್ಮ ದೇಶದ ಗಣಕಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರದ ಹೆಸರು, ವರ್ಷ, ವೇಗಗಳನ್ನು ಹೇಳಿ ಮುಗಿಸುತ್ತಾರೆ. ಹಳೆಯ ಯಂತ್ರಕ್ಕೆಂದು ಬರೆದ ಕ್ರಮವಿಧಿಗಳು ಹೊಸದರಲ್ಲಿ ಬಾಳಬೇಕಾದರೆ ಏನೇನು ಮಾರ್ಪಡಬೇಕಾಯಿತೆಂಬ ವಿಚಾರ ಹಿಂದೆಯೇ ಉಳಿದುಬಿಡುತ್ತದೆ. ವಾಕಡದಲ್ಲಿ ನೆಲಸಿರುವ ನಮಗೆ ದೂರವಲ್ಲದ ಪುಣೆ ವಿಶ್ವವಿದ್ಯಾಲಯದ ಆವರಣದ ಪರಮ್ ಯಂತ್ರಗಳು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿವೆ.

೧೯೮೮ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ೧೯೯೧ರಲ್ಲಿ ಪರಮ್ ೮೦೦೦ ಯಂತ್ರವನ್ನು ಹೊರತಂದಿತು. ಅದರ ಸಂಸ್ಕಾರಕವು ಇಂಗ್ಲೆಂಡಿನ ಇನ್‌ಮೋಸ್ ಕಂಪನಿಯ ಟಿ೮೦೦ ಟ್ರಾನ್ಸ್‌ಪ್ಯೂಟರ್. ೧೯೯೮ರ ಪರಮ್ ೧೦೦೦೦ದಲ್ಲಿಯಾದರೋ ಸನ್ ಕಂಪನಿಯ ಅಲ್ಟ್ರಾಸ್ಪಾರ್ಕ್ ಇದ್ದಿತು. ಮನೆತನದ ಹೆಸರು ಒಂದೇ. ಸ್ಮೃತಿಕೋಶಗಳನ್ನು ಎಣಿಸುವ ಪದ್ಧತಿ ಬೇರೆ.

ಟ್ರಾನ್ಸ್‌ಪ್ಯೂಟರಿನಲ್ಲಿ ವಿಳಾಸಗಳು ಋಣಸಂಖ್ಯೆಯಿಂದ ಆರಂಭವಾಗುತ್ತಿದ್ದವು. ಮೊದಲನೆಯದು ಋಣ ೨೧೪,೭೪,೮೩,೬೪೮, ಸೊನ್ನೆ ನಟ್ಟನಡುವೆ. ಸ್ಪಾರ್ಕಿನ ಎಣಿಕೆ ಸೊನ್ನೆಯಿಂದ ಮೇಲಕ್ಕೆ. ವಿಳಾಸವನ್ನು ಸಾಮಾನ್ಯ ಪೂರ್ಣಾಂಕದಂತೆ ಭಾವಿಸಿ, ಎರಡರಲ್ಲಿ ಯಾವುದು ಮುಂಚಿನದೆಂದು ಹೋಲಿಸುವ ಕ್ರಮವಿಧಿಯು ಮೊದಲ ಯಂತ್ರದಲ್ಲಿ ಸರಿಯಾಗಿದ್ದು ಎರಡನೆಯದರಲ್ಲಿ ತಲೆಕೆಳಗಾಗಬಹುದು.

ಎರಡನೆಯ ತೊಡಕು ಬೈಟುಗಳ ಕ್ರಮದ್ದು. ಟ್ರಾನ್ಸ್‌ಪ್ಯೂಟರ್ ಸಂಖ್ಯೆಯ ಕಿರಿಯ ಬೈಟನ್ನು ಮೊದಲಿಡುತ್ತದೆ, ಸ್ಪಾರ್ಕ್ ಹಿರಿಯದನ್ನು. ನಾಲ್ಕು ಬೈಟುಗಳ ೧ ಎಂಬ ಸಂಖ್ಯೆಯನ್ನು ಹಳೆಯ ಕಡತದಿಂದ ಹಾಗೆಯೇ ಓದಿಕೊಂಡರೆ ಅದು ೧,೬೭,೭೭,೨೧೬ ಆಗುತ್ತದೆ. ಖಾತೆ ಬರೆಯುವವನಿಗೆ ಇದರ ಭಯಂಕರತೆಯನ್ನು ವಿವರಿಸಬೇಕಾಗಿಲ್ಲ. ಮೂರನೆಯದು ಅಳತೆ: ಅಲ್ಟ್ರಾಸ್ಪಾರ್ಕಿನ ೬೪ ಬಿಟ್ ವಿಳಾಸವನ್ನು ೩೨ ಬಿಟ್ಟಿನ ಸ್ಥಳದಲ್ಲಿ ತುಂಬಿದರೆ ಅರ್ಧ ಕಳೆದುಹೋಗುತ್ತದೆ.

ಟ್ರಾನ್ಸ್‌ಪ್ಯೂಟರಿನ ಜೊತೆಗೆ ಹುಟ್ಟಿದ ಆಕಮ್ ಭಾಷೆ ವಿಳಾಸಗಳನ್ನು ಬರೆಯುವವನ ಕೈಗೆ ಕೊಡದೆ, ಹೆಸರುಗಳಿಂದಲೇ ವ್ಯವಹರಿಸುತ್ತಿತ್ತು. ಆದರೆ ಅದು ಬಹುಮಟ್ಟಿಗೆ ತನ್ನ ಯಂತ್ರಕ್ಕೇ ಕಟ್ಟುಬಿದ್ದಿತ್ತು. ದೂರ ನಡೆದು ಬಂದವು ಫೋರ್ಟ್ರಾನ್ ಮತ್ತು ಸಿ ಭಾಷೆಗಳು. ಅವುಗಳಲ್ಲಿಯೂ ಸುಖವಾಗಿ ದಾಟುವುದು ಹೆಸರನ್ನು ನಂಬಿದ ಭಾಗ. ಪೆಟ್ಟು ತಿನ್ನುವುದು ವಿಳಾಸದ ರೂಪವನ್ನು ನಂಬಿದ ಭಾಗ.

ಬ್ಯಾಂಕಿನ ಹಳೆಯ ಲೆಡ್ಜರುಗಳಲ್ಲಿಯೂ ಇದೇ ನ್ಯಾಯ. ಹೊಸ ಪುಸ್ತಕ ತೆರೆದಾಗ ಪುಟದ ಸಂಖ್ಯೆ ಬದಲಾಗುತ್ತದೆ, ಖಾತೆಯ ಸಂಖ್ಯೆ ಬದಲಾಗುವುದಿಲ್ಲ; ಪುಟವನ್ನೇ ನೆಚ್ಚಿ ಬರೆದ ಟಿಪ್ಪಣಿ ಅನ್ಯರ ಖಾತೆಯನ್ನು ತೋರಿಸುತ್ತದೆ.

ಆದುದರಿಂದ ಯಂತ್ರಗಳನ್ನು ಮಾತ್ರ ಪ್ರದರ್ಶನಕ್ಕಿಟ್ಟರೆ ಇತಿಹಾಸ ಪೂರ್ಣವಾಗದು. ಕ್ರಮವಿಧಿಗಳ ಮೂಲಪಾಠವನ್ನೂ, ತಿದ್ದಿದವರ ಟಿಪ್ಪಣಿಗಳನ್ನೂ ಸಂಗ್ರಹಿಸಬೇಕು. ಆ ಕಾಲದ ತರುಣ ಇಂಜಿನಿಯರುಗಳು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವರನ್ನು ಕೇಳಿ ಬರೆದಿಡುವ ಕೆಲಸಕ್ಕೆ ಪುಣೆಯಲ್ಲಿರುವ ನಾವೂ ಕೈಹಾಕಬಹುದು. ವಿಳಂಬಕ್ಕೆ ಮಾತ್ರ ಅವಕಾಶವಿಲ್ಲ.